ನೀವು ತುಳಿಸಿದ ಮೇಣದ ಬತ್ತಿ

ಮಾನ್ಯ ವೈದ್ಯಾಧಿಕಾರಿಗಳೇ,

ನನ್ನ ತಮ್ಮನನ್ನು ಕೊಂದವರು ನೀವೆಂದು ನಾನು ಹೇಳುತ್ತಿಲ್ಲ. ಅವನನ್ನು ಕೊಂದದ್ದು ಬಾವಿಯ ಬಂಡೆಗೆ ಇಟ್ಟ ಸಿಡಿಮದ್ದು. ನೀವು ಹಾಳು ಮಾಡಿದ್ದು ಅವನ ಸಾವನ್ನು. ಅದಕ್ಕೆ ಯಾವ ಕಾನೂನಿನಲ್ಲೂ ಕಲಂ ಇಲ್ಲವೆಂದು ವಕೀಲರು ಕೈಚೆಲ್ಲಿಬಿಟ್ಟರು. ಆದ್ದರಿಂದ ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ನಾವು ಚನ್ನರಾಯನದುರ್ಗದ ಕಡೆಯ ಕ್ರೈಸ್ತರು. ತಮ್ಮ ಕದಿರಯ್ಯ ಬಾವಿ ತೋಡುವವನು. ಪಾವಗಡದ ಕಡೆ ಕೆಲಸಕ್ಕೆ ಹೋಗಿದ್ದಾಗ, ಹತ್ತಿಕೊಳ್ಳದ ಮದ್ದನ್ನು ನೋಡಲು ಬಗ್ಗಿದ. ಅದು ಮುಖದೆದುರೇ ಸಿಡಿಯಿತು. ನಿಮ್ಮ ಆಸ್ಪತ್ರೆಗೆ ತಂದಾಗ ಒಂದು ಕಣ್ಣು ಇರಲಿಲ್ಲ. ಹೊಟ್ಟೆಗೆ ಬಿಗಿದಿದ್ದ ಪಂಚೆ ನೆನೆದು, ರಕ್ತ ಗಾಡಿಯ ಹಲಗೆಯಿಂದ ತೊಟ್ಟಿಕ್ಕುತ್ತಿತ್ತು. "ಇನ್ನೇನೂ ಮಾಡೋ ಹಾಗಿಲ್ಲ" ಎಂದಿರಿ. ನಿಜವನ್ನೇ ಹೇಳಿದಿರಿ, ಅದಕ್ಕೆ ವಂದನೆ. ವೈದ್ಯರು ಕೈಬಿಟ್ಟ ಮೇಲೆ ಮನೆಯವರ ಕೆಲಸ ಶುರುವಾಗುತ್ತದೆ ಸ್ವಾಮಿ.

ನಮ್ಮ ಮನೆಗಳ ಪೆಟ್ಟಿಗೆಯಲ್ಲಿ ಚರ್ಚಿನ ಗುರುಗಳು ಮಂತ್ರಿಸಿಕೊಟ್ಟ ಮೇಣದ ಬತ್ತಿಯೊಂದು ಇರುತ್ತದೆ. ಸೀಮೆಎಣ್ಣೆ ಮುಗಿದು ಕತ್ತಲಲ್ಲಿ ಉಂಡರೂ ಅದನ್ನು ಹಚ್ಚುವುದಿಲ್ಲ. ಅದು ಸಾಯುವವರ ಕೈಗೆ. ಅದನ್ನು ಹಚ್ಚಿ ಕೊಟ್ಟು, ಮನೆಯವರೊಬ್ಬರು ಆ ಕೈಯನ್ನು ತಮ್ಮ ಕೈಯಿಂದ ಮುಚ್ಚಿ ಹಿಡಿದು, ಉಸಿರು ನಿಲ್ಲುವವರೆಗೂ ಕಿವಿಯಲ್ಲಿ ಯೇಸುವಿನ ಹೆಸರು ಹೇಳುತ್ತಿರಬೇಕು. ಗುರುಗಳಿರುವುದು ತುಮಕೂರಿನಲ್ಲಿ. ಹಾಗಾಗಿ ಸುದ್ದಿ ಮುಟ್ಟಿದೊಡನೆ ಪೆಟ್ಟಿಗೆಯಿಂದ ತೆಗೆದು ತಂದಿದ್ದ ಬತ್ತಿಯನ್ನು ಹಚ್ಚಿ ತಮ್ಮನ ಕೈಗಿಟ್ಟು, ನಾನೇ ಮೊಣಕಾಲೂರಿದೆ.

"ಅಕ್ಕಾ, ಕೈ ಬುಟ್ಬುಡಬ್ಯಾಡ ಕಣಕ್ಕಾ, ಹೆದ್ರಿಕೆ ಆಯ್ತದೆ."

"ಬುಡಾಕಿಲ್ಲ ಕಣಪ್ಪಾ" ಎಂದೆ.

ಆಗ ತಾವು ದಯಮಾಡಿಸಿದಿರಿ. "ಕದಿರಯ್ಯ ಅಂತ ಹೆಸರಿಟ್ಕೊಂಡೋನು ಕಿರಿಸ್ತಾನ ಹೇಗಾಗ್ತಾನೆ? ಸಾಯೋನ ಜಾತಿ ಕೆಡಿಸ್ತಿದ್ದೀಯಾ?" ಎಂದು ಗುಡುಗಿದಿರಿ. ಅದು ನಮ್ಮ ತಾತನ ಹೆಸರು. ಆತ ಕ್ರೈಸ್ತನಾದರೂ ಊರು ಹಳೆಯ ಹೆಸರನ್ನು ಬಿಡಲಿಲ್ಲ. ಮೊಮ್ಮಗನಿಗೂ ಅದೇ ಅಂಟಿಕೊಂಡಿತು. ಚರ್ಚಿನಲ್ಲಿ ಅವನಿಗಿಟ್ಟ ಕ್ರೈಸ್ತ ಹೆಸರು ಚೌರಪ್ಪ. ಇಷ್ಟು ಹೇಳಲು ನನಗೆ ಬಿಡುವು ಕೊಟ್ಟಿರಾ? ನಿಮ್ಮ ಜವಾನರಲ್ಲಿ ಒಬ್ಬ ನನ್ನ ಜಡೆ ಹಿಡಿದು ಎಳೆದ, ಇನ್ನೊಬ್ಬ ಬೆನ್ನಿಗೆ ಒದ್ದ. ಎಳೆದವನ ಕೈಯನ್ನು ರಕ್ತ ಬರುವಂತೆ ಕಚ್ಚಿದೆ. ಹೊಸ್ತಿಲಿಗೆ ನನ್ನ ಹಣೆ ಚಚ್ಚಿದರು. ಬೆಂಕಿಯ ಭಯವೆಂದು ಬತ್ತಿಯನ್ನು ಬೂಟಿನಲ್ಲಿ ತುಳಿದರು. ಅದೇ ವಾರ್ಡಿನಲ್ಲಿ ಕಾಂಪೌಂಡರ್ ಬೀಡಿ ಸೇದುತ್ತ ನಿಂತಿದ್ದನಲ್ಲ, ಆ ಬೆಂಕಿ ಸರ್ಕಾರದ್ದೇ? ಕುಡುಗೋಲು ಕೈಗೆ ಸಿಕ್ಕಿದ್ದರೆ ಇದನ್ನು ಜೈಲಿನಿಂದ ಬರೆಯುತ್ತಿದ್ದೆ. ಒಳಗೆ ತಮ್ಮ "ಅಕ್ಕಾ, ಅಕ್ಕಾ" ಎಂದು ಅರಚುತ್ತಿದ್ದ. ನೀವು ಬಾಗಿಲು ಹಾಕಿಸಿದಿರಿ.

ಆಮೇಲೆ ಒಳಗೆ ನಡೆದದ್ದು ನಿಮಗೆ ಗೊತ್ತಿಲ್ಲ, ವಾರ್ಡಿನಲ್ಲಿದ್ದವರು ನನಗೆ ಹೇಳಿದರು. ಪಕ್ಕದ ಮಂಚದಲ್ಲಿ ಗಂಡನನ್ನು ನೋಡಿಕೊಳ್ಳುತ್ತಿದ್ದ ಸಿರಾದ ಖಾಜಾಬಿ ಎದ್ದು ಬಂದರಂತೆ. ನೆಲದ ಮೇಲಿನ ಬತ್ತಿಯ ಚೂರನ್ನು ಹೆಕ್ಕಿ, ಸೆರಗಿನಲ್ಲಿ ಒರೆಸಿ, ತಮ್ಮನ ಮುಷ್ಟಿಗಿಟ್ಟು, ಮೇಲೆ ತಮ್ಮ ಕೈ ಮುಚ್ಚಿದರಂತೆ. "ನಿಮ್ಮಕ್ಕ ಬಾಗ್ಲಾಗೇ ಅವ್ಳೆ ಬೇಟಾ, ನಿನ್ ಯೇಸುನ್ನ ಕರಿ" ಎನ್ನುತ್ತ ಕೊನೆಯವರೆಗೂ ಕೂತಿದ್ದರಂತೆ. ನನಗೆ ಕೊಟ್ಟದ್ದು ಹೆಣ. ಬತ್ತಿ ಮುಷ್ಟಿಯಲ್ಲೇ ಇತ್ತು. ಹಾಗೆಯೇ ಮಣ್ಣು ಮಾಡಿದೆವು.

ನಾನು ಮಾತು ಕೊಟ್ಟು ಬಿಟ್ಟ ಕೈಯನ್ನು ಖಾಜಾಬಿ ಹಿಡಿದರು. ಅವರಿಗೆ ನಾನು ಏನೂ ಆಗಬೇಕಿರಲಿಲ್ಲ. ಈ ಗಣರಾಜ್ಯದ ಸರ್ಕಾರಿ ಆಸ್ಪತ್ರೆಯಲ್ಲಿ ನೆನೆಯಲು ನನಗೆ ಉಳಿದಿರುವುದು ಇದೊಂದೇ.

ನನಗೆ ಪರಿಹಾರ ಬೇಡ. ನಿಮ್ಮ ವಾರ್ಡಿನ ಬಾಗಿಲಿಗೆ ಒಂದು ಬೋರ್ಡು ಹಾಕಿಸಿ: ಸಾಯುವವರ ಬಳಿ ಮನೆಯವರು ಕೂತು ತಮ್ಮ ದೇವರನ್ನು ಕರೆಯಬಹುದು, ಯಾರೂ ತಡೆಯಕೂಡದು. ಕೆಳಗೆ ನಿಮ್ಮ ರುಜು ಇರಲಿ. ಒಂದು ದಿನ ನಿಮ್ಮ ಬಾಯಿಗೂ ನಿಮ್ಮ ಮಗ ತುಳಸಿನೀರು ಬಿಡಬೇಕಾಗುತ್ತದೆ. ಆಗ ಅವನನ್ನು ಯಾರಾದರೂ ಹೊರಗೆಳೆದರೆ, ನಾನು ಅಲ್ಲಿದ್ದರೆ, ಅವರ ಕೈಯನ್ನೂ ಕಚ್ಚುತ್ತೇನೆ.

ಇಂತಿ,
ನಿಮ್ಮ ಹೊಸ್ತಿಲಲ್ಲಿ ಹಣೆ ಒಡೆಸಿಕೊಂಡ
ಚೌರಪ್ಪನ ಅಕ್ಕ, ಆರೋಗ್ಯಮ್ಮ