ಕಲ್ಲಿನ ಮೇಲೆ ಹೆಸರು ಸಾಕು

ಅಕ್ಕಾ, ನಿನಗೂ ಭಾವನಿಗೂ ವಂದನೆ.

ಇಷ್ಟು ವರ್ಷ ಸಭೆಯಲ್ಲಿ ಬೋಧಿಸಿದವನಿಗೆ ಈ ಪಾದ್ರಿಗಳ ಕಾಲೇಜಿನಲ್ಲಿ ಮತ್ತೆ ಅಕ್ಷರಾಭ್ಯಾಸ. ಸತ್ಯವೇದವನ್ನು ಬಣ್ಣದ ಪೆನ್ಸಿಲ್ ಹಿಡಿದು ಓದಿಸುತ್ತಾರೆ. ನಿನ್ನೆ ಯೋಬನ ಪುಸ್ತಕ. ಮಕ್ಕಳನ್ನು ಕಳೆದುಕೊಂಡ ಯೋಬನ ಮಾತಿಗೆ ನೀಲಿ, ಸಮಾಧಾನ ಹೇಳಲು ಬಂದ ಸ್ನೇಹಿತರ ಮಾತಿಗೆ ಕೆಂಪು. ಕೆಂಪು ಎಳೆಯುತ್ತಾ ಹೋದ ನನ್ನ ಕೈ ಒಂದು ಕಡೆ ನಿಂತುಬಿಟ್ಟಿತು. ಪುಟ್ಟಿಯನ್ನು ಮಣ್ಣು ಮಾಡಿದ ದಿನ ನಾನು ಓದಿದ ವಾಕ್ಯ: ಗಾಯ ಮಾಡುವವನೂ ಆತನೇ, ಕಟ್ಟುವವನೂ ಆತನೇ ಎಂದು. ಅದು ದೇವರ ಮಾತಲ್ಲ ಅಕ್ಕಾ, ಆ ಸ್ನೇಹಿತನದು. ಕೊನೆಯಲ್ಲಿ ದೇವರೇ ಅವನನ್ನು ಗದರಿಸಿದ್ದಾನೆ.

ಮೇಷ್ಟ್ರು ನನ್ನ ಮುಖ ನೋಡಿ, "ಇದನ್ನ ಎಲ್ಲಾದ್ರೂ ಹೇಳಿದ್ದೀಯೇನಪ್ಪಾ?" ಅಂದರು.

"ಅಕ್ಕನ ಮಗಳ ಮಣ್ಣಲ್ಲಿ, ಸಾರ್."

"ಆ ಸ್ನೇಹಿತರು ಮೊದಲು ಏಳು ದಿನ ಬಾಯಿ ಮುಚ್ಕೊಂಡು ಅವನ ಜೊತೆ ಕೂತಿದ್ರಲ್ಲ, ಅದೊಂದೇ ಅವರು ನೆಟ್ಟಗೆ ಮಾಡಿದ್ದು."

ಇವತ್ತು ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಕಳಿಸಿದ್ದರು. ಮಂಚದ ಪಕ್ಕ ಒಬ್ಬ ತಾಯಿ ಅಳುತ್ತಿದ್ದಳು. ನಾನು ಪುಸ್ತಕ ತೆರೆಯಲಿಲ್ಲ, ಸ್ಟೂಲ್ ಎಳೆದುಕೊಂಡು ಸುಮ್ಮನೆ ಕೂತೆ.

ನನ್ನ ಕೆಮ್ಮು ಕಡಿಮೆಯಾಗಿದೆ, ಚಿಂತೆ ಬೇಡ. ಕಾರ್ಡಿನಲ್ಲಿ ಜಾಗವಿಲ್ಲ. ಸಮಾಧಿಯ ಕಲ್ಲಿಗೆಂದು ಭಾವ ಕಲ್ಲುಕುಟಿಗನಿಗೆ ಅದೇ ವಾಕ್ಯವನ್ನು ಬರೆದುಕೊಟ್ಟಿದ್ದಾರಲ್ಲ, ಇನ್ನೂ ಉಳಿ ಇಟ್ಟಿಲ್ಲದಿದ್ದರೆ ಬೇಡವೆನ್ನು. ಅವಳ ಹೆಸರು ಸಾಕು. ಅವತ್ತು ನೀನು "ಸಾಕು, ನಿಲ್ಸೋ" ಅಂದಾಗಲೇ ನಾನು ನಿಲ್ಲಿಸಬೇಕಿತ್ತು.

ನಿನ್ನ ತಮ್ಮ