ಇಂತಾನ್ ಕೇಳಿದ್ದು

ರಜಬ್ ಹನ್ನೊಂದು, ಶುಕ್ರವಾರ. ತಂಜುಂಗ್ ಅರಮನೆ.

ಮಗಳು ಇಂತಾನ್ ಉಣ್ಣದೆ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಬಿಕ್ಕುವುದು ಕೇಳುತ್ತಿದೆ.

ಬೆಳಿಗ್ಗೆ ನಾನು ತೀರಿಹೋದ ನನ್ನ ಗಂಡ ಸುಲ್ತಾನರ ಗದ್ದುಗೆಯಲ್ಲಿ, ಪರದೆಯ ಹಿಂದೆ ಕೂತಾಗ ಖಾಜಿಗಳು, "ಹೆಂಗಸಿನ ದನಿ ಸಭೆಗೆ ಕೇಳಬಾರದು," ಎಂದರು.

"ಹಾಗಾದ್ರೆ ಕಿವಿ ಮುಚ್ಕೊಳ್ಳಿ ಖಾಜಿಗಳೇ, ನಂಗೆ ಮಾತಾಡೋದಿದೆ," ಎಂದೆ. ಪರದೆಯಾಚೆ ಯಾರೋ ನಕ್ಕರು. ಮೈದುನ ನಗಲಿಲ್ಲ. ಅಣ್ಣ ಸತ್ತ ವಾರದಲ್ಲೇ, "ನನ್ನ ಮದುವೆ ಆಗಿ, ರಾಣಿಯಾಗೇ ಇರ್ತೀರಿ," ಎಂದವನು. ಆಗುವುದಿಲ್ಲ ಎಂದಿದ್ದೆ. ಇಂದು ಅವನ ಆನೆಗಳು ಹೆಬ್ಬಾಗಿಲಲ್ಲಿ ನಿಂತಿದ್ದವು.

ನನ್ನ ಬಳಿ ಸೈನ್ಯವಿಲ್ಲ. ಬಂದರಿನ ಯಜಮಾನ, ಮುದುಕ ಸಮದ್ ಬಳಿ ಇದೆ. ಅವನು ಎಲೆಯಡಿಕೆ ತಟ್ಟೆ ಮುಂದಿಟ್ಟು, "ಮಗಳನ್ನ ನನಗೆ ಕೊಡಿ ರಾಣಿ ತುವಾಂಕು, ಗದ್ದುಗೆ ನಾನು ಕಾಯ್ತೀನಿ," ಎಂದ.

ನಾನು ಒಂದು ಎಲೆ ಎತ್ತಿಕೊಂಡೆ.

ಸಮದ್‌ನ ಪಡೆ ಕಂಡು ಆನೆಗಳು ಹಿಂದಿರುಗಿದವು. ಮಧ್ಯಾಹ್ನದ ನಮಾಜಿನಲ್ಲಿ, ಆಳುವವರ ಹೆಸರು ಓದುವಲ್ಲಿ, ಖಾಜಿಗಳೇ ನನ್ನ ಹೆಸರು ಓದಿದರು. ಗೆದ್ದೆ.

ಸಂಜೆ ಇಂತಾನ್ ಕೇಳಿದಳು, "ಅಮ್ಮಾ, ನೀನು ಬೇಡ ಅಂದದ್ದಕ್ಕೆ ನಾನ್ಯಾಕೆ ಹೂಂ ಅನ್ಬೇಕು?"

ಗದ್ದುಗೆ ಹೋದರೆ ನಿನ್ನ ಚಿಕ್ಕಪ್ಪ ನಮ್ಮಿಬ್ಬರನ್ನೂ ಉಳಿಸುವುದಿಲ್ಲ ಎಂದೆ.

"ಹಾಗಾದ್ರೆ ಉಳಿಯೋದೇ ಬೇಡ."

ಹದಿನಾರು ವರ್ಷದ ಹುಡುಗಿ. ಯಾ ಅಲ್ಲಾ, ಮಾತು ಹಿಂತೆಗೆದುಕೊಂಡರೆ ಇಬ್ಬರೂ ಸಾಯುತ್ತೇವೆ. ತೆಗೆದುಕೊಳ್ಳದಿದ್ದರೆ ಅವಳೊಬ್ಬಳೇ. ಎದ್ದು ಅವಳ ಹತ್ತಿರ ಹೋಗಬೇಕು, ಹೋಗಿ ಏನೆಂದು ಹೇಳಲಿ?