ಕೇಳದೆ ಕೊಂಡ ಮೆಷಿನ್

ಮೇ ೧೯, ೨೦೦೮

ಇವತ್ತೂ ಮಾಲೂರಿನ ಬ್ರೌಸಿಂಗ್ ಸೆಂಟರ್. ಮೂರನೇ ದಿನ. ಹಳೆ ಹೊಲಿಗೆ ಮೆಷಿನ್ನುಗಳ ಜಾಹೀರಾತು. ಎಲ್ಲವೂ ‘ಸೂಪರ್ ಕಂಡೀಷನ್’. ಒಂದು ಮಾತ್ರ ನಿಜ ಹೇಳಿತ್ತು — ಬಣ್ಣ ಹೋಗಿದೆ, ಲೈಟ್ ಇಲ್ಲ, ಎಣ್ಣೆ ಸೋರುತ್ತೆ. ಶ್ರೀನಿವಾಸಪುರದ ಟೈಲರ್ ಕೋದಂಡರಾಮಪ್ಪನವರದು. ಗಾರ್ಮೆಂಟ್ಸ್‌ನಲ್ಲಿ ನಾನು ಓಡಿಸುತ್ತಿದ್ದಂಥದ್ದೇ. ಫೋಟೋದಲ್ಲಿ ಹೊಲಿದು ತೋರಿಸಿದ ಬಟ್ಟೆ ತುಂಡು. ಎಂಟು ವರ್ಷ ಕಾಲರ್ ಹೊಲಿದ ಕಣ್ಣು ನನ್ನದು. ಒಂದು ಹೊಲಿಗೆಯೂ ತಪ್ಪಿಲ್ಲ.

ಫೋನ್ ಮಾಡಿದೆ. ಬಂದು ನೋಡಮ್ಮ ಅಂದರು. ಹೊಲಿಗೆ ಬಿದ್ದರೆ ಸಾಕು, ಟೆಂಪೋಗೆ ಹಾಕಿ ಅಂದೆ. ಪಿಎಫ್ ದುಡ್ಡೆಲ್ಲ ಹೋಯಿತು.

ಟಾಯ್ಲೆಟ್‌ಗೆ ಹೋಗಲು ಟೋಕನ್ ಯಾಕೆ ಅಂತ ಫ್ಯಾಕ್ಟರಿ ಗೇಟ್ ಮುಂದೆ ಕೂಗಿದ್ದಕ್ಕೆ ಕೆಲಸದಿಂದ ತೆಗೆದರು. ಸರಿ. ಇನ್ನು ಯಾವನ ಟೋಕನ್ನೂ ಬೇಡ. ಊರ ಶಾಲೆಯ ಹೆಡ್‌ಮಾಸ್ಟರ್ ಚನ್ನರಾಯಪ್ಪ ಇಪ್ಪತ್ತೈದು ಯೂನಿಫಾರ್ಮ್ ಷರ್ಟ್ ಒಪ್ಪಿಸಿದ್ದಾರೆ. ೩೧ಕ್ಕೆ ಬೇಕು. ತಪ್ಪಿದರೆ ಬೇರೆಯವರಿಗೆ.

ಮೇ ೨೩, ಸಂಜೆ

ಮೆಷಿನ್ ಬಂತು. ಮೋಟರಿನಿಂದ ನಾಲ್ಕು ತಂತಿ. ಎರಡನ್ನು ಹಿಡಿದು ಪ್ಲಗ್‌ಗೆ ಕೊಟ್ಟೆ. ಗುಂಯ್ ಅಂತು. ತಿರುಗಲಿಲ್ಲ.

ಮೋಸ. ಮುದುಕ ಟೋಪಿ ಹಾಕಿದ. ಕರಪತ್ರ ಬರೆದೆ — ‘ದುಡಿಯುವವರ ಬೆವರು ನುಂಗಿದವನಿಗೆ ಧಿಕ್ಕಾರ’. ಎರಡು ಪುಟ.

ಮೇ ೨೪

ಶ್ರೀನಿವಾಸಪುರ. ಅವರ ಅಂಗಡಿ ಮುಂದೆ ನಿಂತು ಕರಪತ್ರ ಓದಿಯೇಬಿಟ್ಟೆ. ಜನ ಸೇರಿದರು. ಕೋದಂಡರಾಮಪ್ಪ ಪೂರ್ತಿ ಕೇಳಿದರು. ಅವರ ಬಲಗೈ ಸೆಟೆದುಹೋಗಿದೆ. ಹೊಲಿಗೆ ಬಿಟ್ಟದ್ದು ಅದಕ್ಕೇ ಅಂತೆ.

“ಬರ್ದಿರೋದು ಚೆನ್ನಾಗೈತಮ್ಮ. ನಿಮ್ಮನೇಲಿ ತ್ರೀ ಫೇಸ್ ಐತಾ?”

ಹಾಗಂದರೇನು ಅಂದೆ. ಜನ ನಕ್ಕರು. ಅವರು ನಗಲಿಲ್ಲ. ಮನೆಗೆ ಬರುವುದು ಒಂದು ಫೇಸ್, ಈ ಮೋಟರಿಗೆ ಮೂರು ಬೇಕು ಅಂದರು. ಜಾಹೀರಾತಿನ ಎರಡನೇ ಫೋಟೋದಲ್ಲೇ ಇತ್ತಂತೆ, ಮೋಟರಿನ ತಗಡಿನ ಮೇಲೆ. ನಾನು ನೋಡಿದ್ದು ಹೊಲಿಗೆ ಮಾತ್ರ.

“ಹಳೇ ಮಾಲು. ಅದರ ಐಬೆಲ್ಲ ಹೇಳ್ದೆ. ನಿಮ್ಮನೆ ಕರೆಂಟು ನಂಗೇನ್ ಗೊತ್ತು? ನೀನು ಕೇಳ್ಬೇಕಿತ್ತು ಕಣಮ್ಮ.”

ವಾಪಸ್ ತಗೊಳ್ತೀನಿ ಅಂದರು. ಬೇಡ ಅಂದೆ. ಬಸ್ಸಿನಲ್ಲಿ ಕರಪತ್ರ ಹರಿದೆ.

ಎಂಟು ವರ್ಷ ಇಂಥದ್ದೇ ಮೆಷಿನ್ ಮುಂದೆ ಕೂತೆ. ಬೆಳಿಗ್ಗೆ ಸೂಪರ್‌ವೈಸರ್ ಎಲ್ಲಿಂದಲೋ ಆನ್ ಮಾಡುತ್ತಿದ್ದ, ಸಂಜೆ ಆಫ್. ಸ್ವಿಚ್ ಎಲ್ಲಿದೆ ಅಂತ ಯಾರಿಗೂ ತೋರಿಸಲಿಲ್ಲ. ಟೋಕನ್ ಯಾಕೆ ಅಂತ ಕೇಳಿದೆ... ಇದನ್ನು ಕೇಳಲಿಲ್ಲ.

ಮೇ ೨೮

ಊರಲ್ಲಿ ತ್ರೀ ಫೇಸ್ ಇರುವುದು ಅನಸೂಯಮ್ಮನ ಹಿಟ್ಟಿನ ಗಿರಣಿಗೆ.

“ರಾಗಿ ಹಿಟ್ಟು ಹಾರ್ತದೆ ಮುನಿಯಲ್ಲಮ್ಮ, ನಿಂದು ಬಿಳೀ ಬಟ್ಟೆ” ಅಂದಳು. ಸೀರೆ ಅಡ್ಡ ಕಟ್ಟುತ್ತೇನೆ ಅಂದೆ. ಬಾಗಿಲ ಪಕ್ಕ ಜಾಗ ಕೊಟ್ಟಳು. ಮೆಷಿನ್ ಸಾಗಿಸಿ, ಕತ್ತರಿಸಿಟ್ಟಿದ್ದ ಷರ್ಟ್ ಬಟ್ಟೆ ಹೊತ್ತು ತಂದೆ. ತ್ರೀ ಫೇಸ್ ಕರೆಂಟ್ ದಿನಕ್ಕೆ ಆರು ಗಂಟೆ. ಯಾವ ಆರು, ಗೊತ್ತಿಲ್ಲ.

ಮೇ ೩೦, ರಾತ್ರಿ ಹನ್ನೊಂದು ಗಂಟೆ, ಗಿರಣಿ

ಹದಿನೇಳು ಮುಗಿದಿವೆ. ಎಂಟು ಬಾಕಿ. ನಾಳೆ ಕೊಡಬೇಕು. ಬೆಳಿಗ್ಗೆಯಿಂದ ತ್ರೀ ಫೇಸ್ ಇಲ್ಲ. ಎಣ್ಣೆ ಸೋರುತ್ತೆ, ಕೋದಂಡರಾಮಪ್ಪನವರು ಹೇಳಿದ ಹಾಗೆಯೇ. ಕೆಳಗೆ ಲೋಟ ಇಟ್ಟಿದ್ದೇನೆ.

ಅನಸೂಯಮ್ಮ ಮನೆಗೆ ಹೋದಳು. ಹೋಗುವಾಗ ಮೇನ್ ಸ್ವಿಚ್ ತೋರಿಸಿದಳು. ಬಾಗಿಲ ಹಿಂದೆ, ಕೆಂಪು ಹಿಡಿ. ಬೋರ್ಡಿನಲ್ಲಿ ಪುಟ್ಟ ದೀಪ ಮೂರು, ಫೇಸಿಗೊಂದು. ಮೂರೂ ಹತ್ತಿದರೆ ಮಾತ್ರ ಹಾಕು ಅಂದಳು. ನಾಲ್ಕು ಸಲ ಎದ್ದು ನೋಡಿದೆ.

ಎರಡು ಹತ್ತಿವೆ. ಮೂರನೆಯದು...

ಹತ್ತಿತು. ಸ್ವಿಚ್ ನಾನೇ —